ಅಕ್ಕನ ಕನಸಿಗೆ ಓದುಗರು ಎಷ್ಟು

ನಮ್ಮಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಬೀದಿ ಬದಿಯ ಅಂಗಡಿಯಲ್ಲ; ಆಸ್ಪತ್ರೆ, ಹೋಟೆಲುಗಳ ಹೊದಿಕೆಗಳು ಲಾರಿಗಟ್ಟಲೆ ಬಂದಿಳಿಯುವ ದೊಡ್ಡ ಲಾಂಡ್ರಿ. ಇಪ್ಪತ್ತಾರು ವರ್ಷದಿಂದ ಅದೇ ಉಗಿ, ಅದೇ ಕಿಟಕಿ, ಕಿಟಕಿಯ ಪಕ್ಕದ ಅದೇ ಮೇಜು. ದೊಡ್ಡ ಯಂತ್ರದ ಉರುಳೆಗೆ ಬಗ್ಗದ ಕಾಲರು, ಗುಂಡಿಪಟ್ಟಿ, ನೆರಿಗೆಗಳೆಲ್ಲ ಅವಳ ಪಾಲಿಗೆ. ಬಾಗಿಲಲ್ಲಿ ನಿಂತು ನೋಡಿದರೆ ಮೋಡದೊಳಗೆ ಯಾರೋ ನಿಧಾನವಾಗಿ ಕೈಯಾಡಿಸುತ್ತಿದ್ದಾರೆ ಅನ್ನಿಸುತ್ತದೆ. ಹತ್ತಿರ ಹೋದರೆ ಬೆವರು ಕಾಣುತ್ತದೆ.

ನಾನು ಅವಳ ತಂಗಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ತಪಾಸಣೆ ಮಾಡುವವಳು. ಅಂಗಡಿ ಅಂಗಡಿ ತಿರುಗಿ ತಕ್ಕಡಿ ಸರಿಯಿದೆಯೇ, ಬಟ್ಟೆ ಅಳೆಯುವ ಕೋಲು ಸವೆದಿದೆಯೇ ಎಂದು ನೋಡುವುದು ನನ್ನ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಮೇಲೆ ದೂರು. ಇರಲಿ. ‘ಸುಮಾರು’, ‘ಹೆಚ್ಚುಕಡಿಮೆ’, ‘ಒಂದಷ್ಟು’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕನ ಬಾಯಲ್ಲಿ ಇಡೀ ದಿನ ಆಡುವುದು ಆ ಮೂರೇ ಮಾತು.

ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ಮಂಚ. ಬೆಳಗಾದರೆ ಸಾಕು, ಅಕ್ಕ ಹಿಂದಿನ ರಾತ್ರಿಯ ಕನಸು ಬಿಚ್ಚಿಕೊಂಡು ಕೂರುತ್ತಿದ್ದಳು. ಹಲ್ಲುಜ್ಜುವಾಗ ಬಾಯಿತುಂಬ ನೊರೆ ಇಟ್ಟುಕೊಂಡು ಹೇಳುವಳು, ಜಡೆ ಹೆಣೆಯುವಾಗ ಹೇಳುವಳು, ಶಾಲೆಯ ಗೇಟಿನ ಹತ್ತಿರ ನನ್ನ ಚೀಲ ಹಿಡಿದೆಳೆದು ಕೊನೆಯ ತುಂಡು ಹೇಳಿ ಮುಗಿಸುವಳು. ಅವಳ ಕನಸಿನ ದೆಸೆಯಿಂದ ನಾನು ತರಗತಿಯ ಹೊರಗೆ ನಿಂತದ್ದಕ್ಕೆ ಲೆಕ್ಕವಿಲ್ಲ. ಅಮ್ಮ ಅವಳನ್ನು ನಿದ್ದೆಬಡುಕಿ ಎನ್ನುತ್ತಿದ್ದಳು. ನನ್ನನ್ನು ಗಡಿಯಾರ ಎನ್ನುತ್ತಿದ್ದಳು.

ದೊಡ್ಡವರಾದ ಮೇಲೂ ಅವಳ ಚಾಳಿ ಬಿಡಲಿಲ್ಲ. ನಾನು ಬೇರೆ ಮನೆ ಮಾಡಿದ ಮೇಲೆ ಬೆಳಗ್ಗೆ ಆರಕ್ಕೆ ಫೋನು. ಕೊನೆಗೆ ಹನ್ನೊಂದು ವರ್ಷದ ಹಿಂದೆ, ನನ್ನ ಕಿವಿ ಉಳಿಸಿಕೊಳ್ಳಲು, ನಾನೇ ಅವಳಿಗೊಂದು ಬ್ಲಾಗ್ ಮಾಡಿಕೊಟ್ಟೆ. “ಇನ್ನು ಮೇಲೆ ಇದರಲ್ಲಿ ಬರಿ. ಯಾರಿಗೆ ಬೇಕೋ ಅವರು ಓದ್ಕೋತಾರೆ. ನನ್ನ ಬಿಟ್ಬಿಡು ಮಾರಾಯ್ತಿ,” ಎಂದೆ. ಅವಳ ಕಣ್ಣೆದುರೇ ಗುಂಡಿ ಒತ್ತಿ ಮೊದಲ ಚಂದಾದಾರಳೂ ಆದೆ. ಅಕ್ಕನಿಗೆ ಅದೇನು ಖುಷಿಯೋ, ಆ ದಿನವೆಲ್ಲ ನನಗೆ ಚಹಾ ಮಾಡಿಕೊಟ್ಟಿದ್ದೇ ಕೊಟ್ಟಿದ್ದು.

ಹಾಗೆ ಶುರುವಾಯಿತು. ವಾರಕ್ಕೆ ನಾಲ್ಕು ಕನಸು, ಬೆಳಗಿನ ಪಾಳಿಗೆ ಹೊರಡುವ ಮುಂಚೆ, ಅಡಿಗೆಮನೆಯ ಮೇಜಿನ ಮೇಲೆ. ಅವಳ ಹಳೆಯ ಬರಹವೊಂದು ನನಗೆ ಗೊತ್ತು, ಯಾಕೆಂದರೆ ಅದನ್ನು ಅವಳೇ ಓದಿ ಹೇಳಿದ್ದಳು: “ನಿನ್ನೆ ಕನಸು ಬಿತ್ತು. ಸಮುದ್ರ ನಮ್ಮ ಲಾಂಡ್ರಿಗೆ ಬಂದಿತ್ತು. ಚೀಟಿ ಹಿಡಿದು ಸರತಿಯಲ್ಲಿ ನಿಂತಿತ್ತು. ನನ್ನ ಮೇಜಿನ ಹತ್ತಿರ ಬಂದಾಗ, ಸುಕ್ಕು ಬಹಳ ಆಗಿದೆ, ಸ್ವಲ್ಪ ನೋಡಿ ಎಂದಿತು. ನಾನು ಅಂಚಿನಿಂದ ಶುರು ಮಾಡಿದೆ. ಒಂದು ಅಲೆ ನೇರವಾಗುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಪರವಾಗಿಲ್ಲ, ನನಗೇನೂ ಅವಸರವಿಲ್ಲ ಎಂದು ಸಮುದ್ರ ಕುರ್ಚಿ ಎಳೆದುಕೊಂಡು ಕೂತಿತು.”

ಕೇಳಿ ನಗು ಬಂದಿತ್ತು. ಚೆನ್ನಾಗಿದೆ ಎಂದೂ ಹೇಳಿದ್ದೆ. ಆದರೆ ನಾನಾಗಿ ತೆರೆದು ಓದಿದವಳಲ್ಲ. ಬಾಲ್ಯವಿಡೀ ಕೇಳಿದ್ದೇ ಈ ಜನ್ಮಕ್ಕೆ ಸಾಕು ಎಂದುಕೊಂಡಿದ್ದೆ.

ಈಗ ಕಥೆಗೆ ಬರುತ್ತೇನೆ. ಒಂದು ಭಾನುವಾರ ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಅದಕ್ಕೆ ಮೂರು ತಿಂಗಳು ಮುಂಚೆ ಅವಳು ಇಸ್ತ್ರಿ ಮೇಜಿನ ಹತ್ತಿರವೇ ತಲೆ ಸುತ್ತಿ ಕುಸಿದುಬಿದ್ದಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಬದುಕಿರುವವರೆಗೂ ನುಂಗಬೇಕಾದ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಮೈ ಸುಧಾರಿಸಿತ್ತು. ಆದರೆ ಆ ದಿನ ಅವಳ ಮುಖ ಇಳಿದುಹೋಗಿತ್ತು.

“ನಿನಗೊಂದು ಮಾತು ಹೇಳ್ತೀನಿ, ಬೈಬಾರದು,” ಎಂದಳು.

“ಬೈಯೋ ಮಾತಾದ್ರೆ ಬೈತೀನಿ.”

“ನನಗೆ ಕನಸೇ ಬೀಳ್ತಿಲ್ಲ ಕಣೇ. ಆವತ್ತು ನಾನು ಬಿದ್ದೆ ನೋಡು, ಅದು ಬೀಳೋದು ನಿಂತ್ಹೋಯ್ತು. ಡಾಕ್ಟರನ್ನ ಕೇಳ್ದೆ. ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತಂತೆ. ನಿಲ್ಸೋ ಹಾಗಿಲ್ವಂತೆ.”

“ಬಿಡು. ನೆಮ್ಮದಿಯಾಗಿ ನಿದ್ದೆ ಮಾಡು. ಅದಕ್ಕೆ ಬೈಯೋದೇನಿದೆ?”

ಅಕ್ಕ ಲೋಟದ ಅಂಚನ್ನು ಬೆರಳಿನಿಂದ ಉಜ್ಜುತ್ತ ಕೂತಳು. “ಬ್ಲಾಗ್ ನಿಲ್ಸಿಲ್ವಲ್ಲ. ಮೂರು ತಿಂಗಳಿಂದ ವಾರಕ್ಕೆ ನಾಲ್ಕು ಬರೀತಾನೇ ಇದ್ದೀನಿ. ಎಲ್ಲ ಕಟ್ಟಿ ಬರೆದಿದ್ದು. ಒಂದೂ ನಿಜ ಅಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಕನಸಿನಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಕೇಳಿದೆ. ಅವಳು ನಗಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

“ನಿನಗೆ ಹಾಗೇ. ನನಗೆ ಬೇರೆ ಏನು ಗೊತ್ತು ಹೇಳು? ಊರು ಬಿಟ್ಟು ಎಲ್ಲೂ ಹೋದವಳಲ್ಲ. ನಾನು ಹೋಗಿದ್ದು ಬಂದಿದ್ದೆಲ್ಲ ಕನಸಲ್ಲೇ. ಅಲ್ಲಿ ಕಂಡಿದ್ದನ್ನ ಒಂದಷ್ಟು ಜನ ನಂಬಿ ಓದ್ತಿದ್ರು. ಈಗ ಅವರ ಕಿವಿಗೆ ಹೂವಿಡ್ತಾ ಇದ್ದೀನಿ. ಹೇಳಿಬಿಟ್ರೆ ಎಲ್ಲ ಎದ್ದುಹೋಗ್ತಾರೆ. ಹೇಳದೆ ಇದ್ರೆ ನನಗೆ ಉಸಿರು ಕಟ್ಟಿದ ಹಾಗಾಗುತ್ತೆ.”

“ಒಂದಷ್ಟು ಜನ ಅಂದ್ರೆ ಎಷ್ಟು?” ನನ್ನ ಬಾಯಿಂದ ಬಂದದ್ದು ಅದೇ ಪ್ರಶ್ನೆ.

ಅವಳು ಬ್ಲಾಗ್ ತೆರೆದು ತೋರಿಸಿದಳು. ಚಂದಾದಾರರು: ಒಂದು ಸಾವಿರದ ಮುನ್ನೂರ ಹದಿನಾರು.

ಆ ಸಂಖ್ಯೆ ನೋಡಿದೊಡನೆ ನನಗೆ ಅನುಮಾನ. ಒಮ್ಮೆ ಗುಂಡಿ ಒತ್ತಿದರೆ ಸಾಕು, ಬರಹಗಳು ತಾವಾಗಿ ಬಂದು ಅವರವರ ಫೋನಿನೊಳಗೆ ಕೂರುತ್ತವೆ. ಅದಕ್ಕೆ ಫೀಡ್ ಎನ್ನುತ್ತಾರೆ. ತೆರೆಯುವುದು ಬಿಡುವುದು ಅವರಿಷ್ಟ. ಹನ್ನೊಂದು ವರ್ಷದಲ್ಲಿ ಎಷ್ಟು ಜನ ಮರೆತಿರಬೇಡ? ನನಗನ್ನಿಸಿದ್ದು ಇಷ್ಟು: ನಿಜವಾಗಿ ಓದುವವರು ಹತ್ತೋ ಹದಿನೈದೋ ಇರುತ್ತಾರೆ, ಅದನ್ನು ತೋರಿಸಿಬಿಟ್ಟರೆ ಅಕ್ಕನ ಎದೆಭಾರ ಇಳಿಯುತ್ತದೆ. ಯಾರೂ ಇಲ್ಲದ ಕಡೆ ಸುಳ್ಳು ಹೇಳಿದರೆ ಸುಳ್ಳು ಹೇಗಾಗುತ್ತದೆ?

“ಒಂದು ತಿಂಗಳು ಸಮಯ ಕೊಡು. ಸರಿಯಾಗಿ ಅಳೆದು ಹೇಳ್ತೀನಿ. ಅಲ್ಲೀವರೆಗೆ ಕಟ್ಟಿದ್ದನ್ನೇ ಹಾಕ್ತಾ ಇರು,” ಎಂದೆ.

ನಮ್ಮ ಕಚೇರಿಯಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಕೊರಳಲ್ಲಿ ಯಾವಾಗಲೂ ಒಂದು ವೈರು ನೇತಾಡುವುದರಿಂದ ಎಲ್ಲರಿಗೂ ಅವರು ತಂತಿ ಮಾವ. ಅವರಿಗೆ ವಿಷಯ ಹೇಳಿದೆ. ಕನ್ನಡಕ ಹಣೆಗೇರಿಸಿ ಹೇಳಿದರು, “ಆ ಹದಿಮೂರು ನೂರರಲ್ಲಿ ಸತ್ತವರೂ ಇರ್ತಾರೆ ತಾಯಿ. ಫೋನು ಎರಡು ಇಟ್ಕೊಂಡು ಎರಡು ಸಲ ಎಣಿಸ್ಕೊಂಡವರೂ ಇರ್ತಾರೆ. ಮನುಷ್ಯರೇ ಅಲ್ಲದ ಯಂತ್ರಗಳಂತೂ ಬೇಕಾದಷ್ಟು.”

ಅವರು ಹೇಳಿಕೊಟ್ಟ ಉಪಾಯ ಹೀಗಿತ್ತು. ಪ್ರತಿ ಬರಹದ ಕೊನೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಚುಕ್ಕಿ ಇಡುವುದು. ಅದು ಚುಕ್ಕಿಯಲ್ಲ, ಒಂದು ಚಿತ್ರ. ಯಾರಾದರೂ ಬರಹ ತೆರೆದರೆ ಅವರ ಫೋನು ಆ ಚಿತ್ರವನ್ನು ನಮ್ಮಿಂದ ಕೇಳಿ ಪಡೆಯಬೇಕು. ಕೇಳುವಾಗ ಫೋನು ತನ್ನ ಗುರುತಿನ ಸಂಖ್ಯೆಯೊಂದನ್ನು ಬಿಟ್ಟುಹೋಗುತ್ತದೆ; ಯಾವ ಸಂಖ್ಯೆ ಎಷ್ಟು ಸಲ ಕೇಳಿತು ಎಂದು ಎಣಿಸಿದರೆ ಎಷ್ಟು ಜನ ತೆರೆದರು ಎಂದು ಗೊತ್ತಾಗುತ್ತದೆ.

ಅಕ್ಕನಿಗೆ ಇದು ಹಿಡಿಸಲಿಲ್ಲ. “ಕಿಂಡಿಯಲ್ಲಿ ಕದ್ದು ನೋಡಿದ ಹಾಗಲ್ವಾ?” ಎಂದಳು. ಯಾರು ಎಂದು ಗೊತ್ತಾಗುವುದಿಲ್ಲ, ಎಷ್ಟು ಎಂದು ಮಾತ್ರ ಎಂದು ಸಮಾಧಾನ ಹೇಳಿದೆ.

ತಂತಿ ಮಾವ ಚುಕ್ಕಿ ಇಟ್ಟುಕೊಟ್ಟರು. ಆದರೆ ಪರೀಕ್ಷೆ ಮಾಡದ ತಕ್ಕಡಿಯನ್ನು ನಾನು ನಂಬುವವಳಲ್ಲ. ಖಾಲಿ ತಟ್ಟೆ ಸೊನ್ನೆ ತೋರಿಸಬೇಕು, ಗೊತ್ತಿರುವ ಕಲ್ಲು ಇಟ್ಟರೆ ಗೊತ್ತಿರುವ ತೂಕ ತೋರಿಸಬೇಕು. ಹಾಗಾಗಿ ಚುಕ್ಕಿ ಇಟ್ಟ ಮೂರನೆಯ ದಿನದ ಬರಹವನ್ನು ನನ್ನ ಫೋನಿನಲ್ಲಿ ಐದು ಸಲ ತೆರೆದೆ, ಐದು ಸಲ ಮುಚ್ಚಿದೆ. ಲೆಕ್ಕದಲ್ಲಿ ಐದೇ ಬಂತು. ಫೀಡ್ ಓದುವ ಇನ್ನೊಂದು ಆ್ಯಪ್ ಹಾಕಿಕೊಂಡು, ಏನನ್ನೂ ತೆರೆಯದೆ ಸುಮ್ಮನಿದ್ದೆ. ಸೊನ್ನೆ ಬರಬೇಕಾದಲ್ಲಿ ಒಂದು ಬಂತು. ಆ ಆ್ಯಪ್ ಯಾರೂ ಓದದಿದ್ದರೂ ಮುಂಚಿತವಾಗಿ ಚಿತ್ರಗಳನ್ನು ತಂದಿಟ್ಟುಕೊಳ್ಳುವ ಅತಿ ಬುದ್ಧಿವಂತ ಜಾತಿ. ಕಳ್ಳ ತಕ್ಕಡಿ ಹಿಡಿದಷ್ಟು ಸಂತೋಷವಾಯಿತು ನನಗೆ. ಬರಹ ಹಾಕಿದ ಅರ್ಧ ನಿಮಿಷದೊಳಗೆ ಬರುವ ಕೇಳಿಕೆಗಳೆಲ್ಲ ಯಂತ್ರದವು ಎಂದು ತೀರ್ಮಾನಿಸಿ ಹೊಡೆದುಹಾಕಿದೆವು. ಮನುಷ್ಯರು ಅಷ್ಟು ಚುರುಕಾಗಿರುವುದಿಲ್ಲ.

ನಾಲ್ಕು ವಾರ ಎಣಿಸಿದೆ. ಹದಿನಾರು ಬರಹ. ಒಮ್ಮೆ ಇಣುಕಿ ಹೋದವರನ್ನು ಬಿಟ್ಟೆ. ಹದಿನಾರರಲ್ಲಿ ನಾಲ್ಕಾದರೂ ತೆರೆದವರನ್ನು ಓದುಗರು ಎಂದು ಹಿಡಿದೆ. ಊಟದ ಬಿಡುವಿನಲ್ಲಿ ನಾನು ಮತ್ತು ತಂತಿ ಮಾವ ಪಟ್ಟಿ ಹರಡಿಕೊಂಡು ಕೂರುತ್ತಿದ್ದೆವು. ನೋಡುತ್ತ ನೋಡುತ್ತ ನನಗೂ ಒಂದು ಥರದ ಮಂಪರು. ಯಾರೋ ಒಬ್ಬರು ದಿನವೂ ಬೆಳಗ್ಗೆ ಏಳೂಕಾಲಕ್ಕೆ ತೆರೆಯುತ್ತಿದ್ದರು; ಬಸ್ಸಿನಲ್ಲಿರಬೇಕು. ಇನ್ನೊಬ್ಬರು ಸರಿಯಾಗಿ ಮಧ್ಯಾಹ್ನ ಒಂದಕ್ಕೆ. ಮತ್ತೊಬ್ಬರು ವಾರವಿಡೀ ಕೂಡಿಟ್ಟು ಭಾನುವಾರ ನಾಲ್ಕನ್ನೂ ಒಟ್ಟಿಗೆ. ಹೆಸರಿಲ್ಲದ, ಮುಖವಿಲ್ಲದ ಜನ ಎಲ್ಲೆಲ್ಲಿಂದಲೋ ಬಂದು ಅಕ್ಕನ ಅಡಿಗೆಮನೆಯ ಬಾಗಿಲು ಸದ್ದಿಲ್ಲದೆ ತಳ್ಳಿ ಒಳಗೆ ಬಂದು ಹೋದಂತೆ ಅನ್ನಿಸುತ್ತಿತ್ತು. ಎಷ್ಟು ಹೊತ್ತು ಕೂತಿದ್ದೇವೆ ಎನ್ನುವುದೇ ಮರೆತು ಒಮ್ಮೆ ಮೇಲಧಿಕಾರಿಯಿಂದ ಬೈಸಿಕೊಂಡೆವು.

ಕೊನೆಗೆ ಬಂದ ಲೆಕ್ಕ ಮೂವತ್ತೆಂಟು. ಚಿತ್ರವನ್ನೇ ತೋರಿಸದ ಕೆಲವು ಆ್ಯಪ್‌ಗಳಿವೆ. ಅವುಗಳಲ್ಲಿ ಓದುವವರು ಎಣಿಕೆಗೆ ಸಿಗುವುದಿಲ್ಲ. ಅವರನ್ನೂ ಸೇರಿಸಿದರೆ ಐವತ್ತು ದಾಟಲಾರದು. ‘ದಾಟಲಾರದು’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ; ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ನನ್ನ ಕೆಲಸವೇ.

ಅಕ್ಕನ ಮುಂದೆ ಕಾಗದ ಇಟ್ಟು, “ನೋಡು, ಹದಿಮೂರು ನೂರರಲ್ಲಿ ಉಳಿದಿದ್ದು ಇಷ್ಟೇ. ಇದಕ್ಕೆ ಇಷ್ಟೊಂದು ಸಂಕಟ ಪಟ್ಯಲ್ಲ. ಇನ್ನು ಹಾಯಾಗಿರು,” ಎಂದೆ.

ಅವಳು ಆ ಅಂಕಿಯ ಮೇಲೆ ಬೆರಳಿಟ್ಟಳು. ಮುಖದಲ್ಲಿ ಹಗುರವೇನೂ ಕಾಣಲಿಲ್ಲ.

“ಮೂವತ್ತೆಂಟು ಅಂದ್ರೆ ನಮ್ಮ ಒಂದು ಪಾಳಿ ಕಣೇ,” ಎಂದಳು. “ಒಂದು ಪಾಳಿಯಲ್ಲಿ ನಾವು ಅಷ್ಟೇ ಜನ. ಉಗಿಕೋಣೆಯವರು ಹನ್ನೊಂದು, ಮಡಿಸೋರು ಹದಿನಾಲ್ಕು, ಹೀಗೆ. ಸಾವಿರ ಜನಕ್ಕೆ ಸುಳ್ಳು ಹೇಳ್ಬಹುದೇನೋ, ಅವರು ಮೋಡ ಇದ್ದ ಹಾಗೆ. ಒಂದು ಪಾಳಿ ಜನರ ಮುಖ ನೋಡ್ಕೊಂಡು ಹೇಗೇ ಹೇಳೋದು? ನಾಳೆ ಬರೆದುಬಿಡ್ತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ಅವಳಿಗೆ ಒಳ್ಳೆಯದಾಗಲಿ ಎಂದು ತಿಂಗಳಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸಿದರೆ, ಇವಳು ಇರುವ ಮೂವತ್ತೆಂಟನ್ನೂ ಕಳೆದುಕೊಳ್ಳಲು ಹೊರಟಿದ್ದಾಳೆ. “ಮಾಡ್ಕೋ ಹೋಗು,” ಎಂದು ಎದ್ದು ಬಂದೆ.

ಮರುದಿನ ಅವಳು ಬರೆದದ್ದು ನಾಲ್ಕೇ ಸಾಲು. ನನಗೆ ನಾಲ್ಕು ತಿಂಗಳಿಂದ ಕನಸುಗಳಿಲ್ಲ. ಮಾತ್ರೆಯಿಂದ ಹೀಗಾಗಿದೆ, ಮತ್ತೆ ಬರುವುದು ಅನುಮಾನ. ಇಷ್ಟು ದಿನ ಹಾಕಿದ್ದು ಹೆಚ್ಚುಕಡಿಮೆ ಎಲ್ಲ ನಾನು ಕಟ್ಟಿದ್ದು. ನಿಮ್ಮ ಹತ್ತಿರ ಸುಳ್ಳು ಹೇಳಿದೆ, ತಪ್ಪಾಯಿತು.

ಚುಕ್ಕಿ ಆ ದಿನ ಮೂವತ್ತಾರು ಎಣಿಸಿತು. ಆದರೆ ಯಾರೂ ಏನೂ ಹೇಳಲಿಲ್ಲ. ಎರಡನೆಯ ದಿನವೂ ಇಲ್ಲ. ಅಕ್ಕ ಕೆಲಸದ ನಡುವೆ ಫೋನು ತೆಗೆದು ನೋಡುವಳಂತೆ, ಇಡುವಳಂತೆ. ಒಂದು ಕೋಟಿನ ತೋಳು ಸುಟ್ಟಳಂತೆ. ಇಪ್ಪತ್ತಾರು ವರ್ಷದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು. “ಹೋದರು ಕಣೇ,” ಎಂದು ಫೋನಿನಲ್ಲಿ ಅಷ್ಟೇ ಹೇಳಿದಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೂರನೆಯ ದಿನ ಬೆಳಗ್ಗೆ ಒಂದು ಪತ್ರ ಬಂತು. ಬರೆದವರು ಬಂದರಿನಲ್ಲಿ ಕ್ರೇನ್ ನಡೆಸುವವರು. ಅಕ್ಕ ಅದನ್ನು ನನಗೆ ಕಳಿಸಿದಳು.

“ಅಮ್ಮಾ, ನಾನು ಊಟದ ಬಿಡುವಿನಲ್ಲಿ ಮೇಲೆ ಕ್ಯಾಬಿನ್ನಿನಲ್ಲಿ ಕೂತೇ ನಿಮ್ಮ ಬರಹ ಓದುತ್ತೇನೆ, ಒಂದು ಗಂಟೆಗೆ. ನೀವು ಹೇಳುವ ಮೊದಲೇ ನನಗೆ ಅನುಮಾನ ಬಂದಿತ್ತು. ವರ್ಷಗಟ್ಟಲೆ ನೀವು ‘ಕನಸು ಬಿತ್ತು’ ಎಂದೇ ಶುರು ಮಾಡುತ್ತಿದ್ದಿರಿ. ನಾಲ್ಕು ತಿಂಗಳಿಂದ ‘ಕನಸು ಕಂಡೆ’ ಎಂದು ಬರೆಯುತ್ತಿದ್ದೀರಿ. ಬೀಳುವುದು ತಾನಾಗಿ ಬೀಳುತ್ತದೆ, ಕಾಣುವುದಕ್ಕೆ ನಾವು ಕಷ್ಟಪಡಬೇಕು. ನಿಮಗೆ ಮೈ ಹುಷಾರಿಲ್ಲವೇನೋ ಎಂದುಕೊಂಡೆ. ಕೇಳುವುದು ಹೇಗೆ ಎಂದು ತಿಳಿಯದೆ ಸುಮ್ಮನಿದ್ದೆ. ಬಿದ್ದರೂ ಸರಿ, ಬೀಳದಿದ್ದರೂ ಸರಿ, ಬರೆಯುತ್ತಿರಿ.”

ಆ ವಾರದಲ್ಲಿ ಇನ್ನೂ ಆರು ಪತ್ರಗಳು ಬಂದವು. ಅವರಲ್ಲಿ ಇಬ್ಬರು ಅದೇ ಮಾತನ್ನು ಹೇಳಿದ್ದರು.

“ನನಗೇ ಗೊತ್ತಿರ್ಲಿಲ್ಲ, ಹಾಗೆ ಬರೀತಿದ್ದೀನಿ ಅಂತ,” ಎಂದಳು ಅಕ್ಕ. ಅವಳ ದನಿಯಲ್ಲಿ ಬಹಳ ದಿನಗಳ ನಂತರ ನಗುವಿತ್ತು. “ಬೀಳದೇ ಇದ್ದಿದ್ದನ್ನ ಬಿತ್ತು ಅನ್ನೋಕೆ ಕೈ ಬರ್ಲಿಲ್ಲ ಅಂತ ಕಾಣುತ್ತೆ.” ಇನ್ನು ಮುಂದೆ ಕನಸಿಲ್ಲದ ರಾತ್ರಿಯ ಬಗ್ಗೆಯೇ ಬರೆಯುತ್ತೇನೆ, ಎಚ್ಚರವಾದಾಗ ಕೋಣೆ ಹೇಗಿರುತ್ತದೆ, ಕಿಟಕಿಯ ಬೆಳಕು ಗೋಡೆಯ ಮೇಲೆ ಎಲ್ಲಿಂದ ಎಲ್ಲಿಗೆ ನಡೆಯುತ್ತದೆ, ಅದೆಲ್ಲ ಎಂದಳು. ಅವಳ ಮಟ್ಟಿಗೆ ಎಲ್ಲ ಸುಖವಾಗಿ ಮುಗಿದಿತ್ತು.

ನನ್ನ ಮಟ್ಟಿಗೆ ಮುಗಿದಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಎಲ್ಲೋ ಆಕಾಶದಲ್ಲಿ ಕೂತು ಪೆಟ್ಟಿಗೆ ಎತ್ತಿಳಿಸುವ ಮನುಷ್ಯನಿಗೆ ಕಂಡದ್ದು ಒಂದೇ ಮಂಚದಲ್ಲಿ ಮಲಗಿ ಬೆಳೆದ ನನಗೆ ಕಾಣಲಿಲ್ಲವೆಂದರೆ? ಅವನು ಹೇಳಿದ್ದು ಸರಿಯೋ ತಪ್ಪೋ ನೋಡಿಯೇಬಿಡುತ್ತೇನೆ ಎಂದು, ಸೋಮವಾರ ಕಚೇರಿಯಲ್ಲಿ ನಾಲ್ಕು ತಿಂಗಳ ಬರಹಗಳನ್ನು ಒಂದೊಂದಾಗಿ ತೆರೆದೆ. ಒಟ್ಟು ಅರವತ್ತೆಂಟು. ಮೊದಲ ಸಾಲು ಮಾತ್ರ ನೋಡುವುದು, ಪಟ್ಟಿಯಲ್ಲಿ ಗೀಟು ಹಾಕುವುದು. ಕಂಡೆ. ಕಂಡೆ. ಕಂಡೆ. ಅರವತ್ತೇಳು ಗೀಟು ಒಂದು ಕಡೆ ಬಿದ್ದವು.

ಒಂದು ಬೇರೆ ಕಡೆ ಬಿತ್ತು. ಅದು ಹದಿನೇಳನೆಯ ತಾರೀಕಿನದು. ಚುಕ್ಕಿಯನ್ನು ಪರೀಕ್ಷಿಸಲು ನಾನು ಐದು ಸಲ ತೆರೆದು ಮುಚ್ಚಿದ್ದ ಬರಹ. ಆಗ ಒಂದು ಅಕ್ಷರವನ್ನೂ ನೋಡಿರಲಿಲ್ಲ. ಈಗ ಓದಿದೆ.

“ನಿನ್ನೆ ಒಂದು ಚಿಕ್ಕ ಕನಸು ಬಿತ್ತು. ತುದಿ ಕಾಣದಷ್ಟು ಉದ್ದನೆಯ ಕೋಣೆ. ಬಿಳಿ ಹೊದಿಕೆಗಳು ಸಾಲುಸಾಲಾಗಿ ಒಣಗುತ್ತಿದ್ದವು. ನಾನು ಒಂದರ ಹಿಂದೆ ನಿಂತಿದ್ದೆ. ತಂಗಿ ಬಂದಳು. ಒಂದು, ಎರಡು, ಮೂರು ಎಂದು ಹೊದಿಕೆಗಳನ್ನು ಎಣಿಸುತ್ತ ಬಂದಳು. ನಾನು ಇಲ್ಲಿದ್ದೇನೆ ಕಣೇ ಎಂದೆ. ಅವಳು ನಾನಿದ್ದ ಹೊದಿಕೆಗೆ ಕೈ ಮುಟ್ಟಿಸಿ, ಹನ್ನೆರಡು ಎಂದು ಹೇಳಿ ಮುಂದೆ ಹೋದಳು. ಲೆಕ್ಕ ಸರಿಯಾಗಿಯೇ ಇತ್ತು.”

ನನಗೆ ನಾಚಿಕೆಯಾಯಿತು. ಅಳುವೂ ಬಂತು. ತಂತಿ ಮಾವ ಏನಾಯಿತು ಎಂದು ಕೇಳುತ್ತಿದ್ದಂತೆ ಅರ್ಧ ದಿನ ರಜೆ ಬರೆದಿಟ್ಟು ಹೊರಟೆ.

ಲಾಂಡ್ರಿಯ ಒಳಗೆ ಉಗಿ ದಟ್ಟವಾಗಿತ್ತು. ಅಕ್ಕ ಕಿಟಕಿಯ ಪಕ್ಕ ನಿಂತು ನರ್ಸಮ್ಮನೊಬ್ಬಳ ಕೋಟಿನ ಕಾಲರು ತೀಡುತ್ತಿದ್ದಳು. ನಾನು ಈ ಹೊತ್ತಿನಲ್ಲಿ ಅಲ್ಲಿಗೆ ಹೋದವಳೇ ಅಲ್ಲ. ಅವಳಿಗೆ ಗಾಬರಿಯಾಯಿತು.

“ಏನಾಯ್ತೇ?”

“ಹದಿನೇಳನೇ ತಾರೀಕಿಂದು. ಹೊದಿಕೆ ಕನಸು. ಅದು ಕಟ್ಟಿದ್ದಲ್ಲ ಅಲ್ವಾ?”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಹೂಂ. ಅದೊಂದು ಬಿತ್ತು.”

“ನಾಲ್ಕು ತಿಂಗಳಲ್ಲಿ ನಿಜವಾಗಿ ಬಿದ್ದದ್ದು ಅದೊಂದೇ. ಅದೂ ನನ್ನ ಮೇಲೆ. ನನಗೆ ಯಾಕೆ ಹೇಳ್ಲಿಲ್ಲ ನೀನು?”

ಅವಳ ಮುಖದಲ್ಲಿ ದೂರು ಇರಲಿಲ್ಲ. ನಾನು ಏನು ಕೇಳುತ್ತಿದ್ದೇನೆ ಎಂದೇ ಅವಳಿಗೆ ಅರ್ಥವಾಗದಂತಿತ್ತು.

“ಬರೆದಿದ್ನಲ್ಲೇ,” ಎಂದಳು.